ವಿದೇಶಕ್ಕೆ ಹೊರಟ ವಿದ್ಯಾರ್ಥಿಗೆ, ಮೇಷ್ಟ್ರಿಗೆ ಯಾವ ರಕ್ಷಣೆ ಸರಿ? ರಾತ್ರಿ ಮೂರಕ್ಕೆ ಫೋನ್ ಎತ್ತೋರು ಯಾರು ಅಂತ ಮೊದಲು ನೋಡಿ

ಅವತ್ತು ಭಾನುವಾರ. ಜರ್ಮನಿಯಲ್ಲಿದ್ದ ನಮ್ಮ ಹುಡುಗನೊಬ್ಬ ಹಾಸ್ಟೆಲ್ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ್ದ ಹಿಮದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಪಾಲಿಸಿ ಕಾಗದದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿದ್ದ 1800 ನಂಬರಿಗೆ ಫೋನ್ ಹಚ್ಚಿದ. ಹತ್ತಲಿಲ್ಲ. ಅದು ಭಾರತದೊಳಗೆ ಮಾತ್ರ ನಡೆಯುವ ಟೋಲ್ ಫ್ರೀ ನಂಬರು. ಆಮೇಲೆ ವಿಶ್ವವಿದ್ಯಾಲಯದ ಲ್ಯಾಂಡ್‌ಲೈನಿಗೆ ಮಾಡಿದ. ಬೀಗ ಹಾಕಿದ ಕೋಣೆಯಲ್ಲಿ ಅದು ಬಡಕೊಂಡು ಬಡಕೊಂಡು ಸುಮ್ಮನಾಯಿತು. ಕೊನೆಗೆ ಗೇಟಿನ ನಂಬರಿಗೆ ಮಾಡಿದಾಗ ವಾಚ್‌ಮನ್ ಎತ್ತಿ, "ಸಾಹೇಬ್ರು ನಾಳಿಗಿ ಬರ್ತಾರ್ರಿ, ನಾಳಿಗಿ ಹಚ್ಚ್ರಿ" ಅಂದ. ಪಾಪ, ಅವನ ತಪ್ಪೇನಿದೆ? ಹುಡುಗನ ರೂಮ್‌ಮೇಟ್ ಅದೇ ಪಾಲಿಸಿಯ 11ನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಹೊರದೇಶದಿಂದ ಮಾಡಬೇಕಾದ ನಂಬರು ಹುಡುಕಿ ಕೊಟ್ಟ. ಅಷ್ಟು ಹೊತ್ತಿಗೆ ನಾಲ್ಕು ತಾಸು ಕಳೆದಿತ್ತು.

ಕಲಬುರಗಿ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಹೊರದೇಶಕ್ಕೆ ಹೋಗುವವರ ಫೈಲು ನೋಡೋದು ನನ್ನ ಕೆಲಸ. ಮೊದಲೆಲ್ಲ ವರ್ಷಕ್ಕೆ ಮೂರೋ ನಾಲ್ಕೋ ಫೈಲು, ಅವೂ ಸೆಮಿನಾರಿಗೆ ಹೋಗುವ ಮೇಷ್ಟ್ರುಗಳದ್ದೇ. ಈಗ ಸೇಡಂ, ಚಿಂಚೋಳಿ, ಆಳಂದದ ಮಕ್ಕಳು ಎಕ್ಸ್‌ಚೇಂಜ್ ಅಂತ, ಪಿಎಚ್‌ಡಿ ಅಂತ ಹೊರಡ್ತಾರೆ. ಎಲ್ಲರೂ ಬಂದು ಕೇಳೋದು "ಸರ್, ಯಾವ ಇನ್ಶುರೆನ್ಸ್ ಕಮ್ಮಿಗೆ ಸಿಗ್ತದ?" ಅಂತ. ಆ ಭಾನುವಾರ ಆದಮೇಲೆ ನಾನು ಕೇಳೋ ಪ್ರಶ್ನೆ ಬೇರೆ. ಅಲ್ಲಿ ಎಡವಟ್ಟಾದಾಗ, ಇಲ್ಲಿ ರಾತ್ರಿ ಮೂರಾಗಿದ್ದರೂ, ಫೋನ್ ಎತ್ತೋರು ಯಾರು? ಕೆಳಗಿರೋ ಹೋಲಿಕೆ ಎಲ್ಲಾ ಈ ಒಂದು ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದು.

ವಿಮೆಯಲ್ಲಿ ಏನೇನು ದಾರಿ ಇದೆ

ನೀವೇ ಇಲ್ಲಿಂದ ಒಂದು ಪಾಲಿಸಿ ಕೊಳ್ಳಬಹುದು, ವಿಶ್ವವಿದ್ಯಾಲಯ ಎಲ್ಲರಿಗೂ ಸೇರಿಸಿ ಗ್ರೂಪ್ ಪಾಲಿಸಿ ಮಾಡಿಸಬಹುದು, ಇಲ್ಲವೇ ಹೋಗುವ ದೇಶದ ವ್ಯವಸ್ಥೆಗೇ ಸೇರಿಕೊಳ್ಳಬಹುದು. ಮೂರನೆಯದು ಹೆಚ್ಚಿನ ಸಲ ನಿಮ್ಮ ಇಷ್ಟದ ಮಾತಲ್ಲ, ಕಡ್ಡಾಯ. ಅದಕ್ಕೇ ಅಲ್ಲಿಂದ ಶುರು ಮಾಡೋಣ.

ಬ್ರಿಟನ್‌ಗೆ ಆರು ತಿಂಗಳಿಗಿಂತ ಜಾಸ್ತಿ ಅವಧಿಯ ವಿದ್ಯಾರ್ಥಿ ವೀಸಾ ಅಂದರೆ, ವೀಸಾ ಅರ್ಜಿ ಜೊತೆಗೇ ಆರೋಗ್ಯದ ಸರ್‌ಚಾರ್ಜ್ ಕಟ್ಟಬೇಕು. 2024ರ ಫೆಬ್ರವರಿಯಿಂದ ಅದು ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಕಟ್ಟಿದ ಮೇಲೆ ಅಲ್ಲಿನ ಸರ್ಕಾರಿ ಆಸ್ಪತ್ರೆ ನಿಮ್ಮದೇ. ಆಸ್ಟ್ರೇಲಿಯಾಕ್ಕೆ ಓದೋಕೆ ಹೋಗೋರು ವೀಸಾ ಇರುವಷ್ಟು ದಿನವೂ ಅಲ್ಲಿನ ವಿದ್ಯಾರ್ಥಿ ಆರೋಗ್ಯ ವಿಮೆ ಇಟ್ಟುಕೊಂಡಿರಬೇಕು. ಜರ್ಮನಿಯಲ್ಲಿ 30 ವರ್ಷದೊಳಗಿನ ವಿದ್ಯಾರ್ಥಿಗೆ ಸಾರ್ವಜನಿಕ ವಿಮೆ ಸಿಗುತ್ತೆ, ಅದು ನಿಜವಾಗ್ಲೂ ಒಳ್ಳೆಯದು. 30 ದಾಟಿದ ಪಿಎಚ್‌ಡಿಯವರು, ಎರಡು ಮೂರು ತಿಂಗಳ ಅತಿಥಿ ಸಂಶೋಧಕರು ಸಾಮಾನ್ಯವಾಗಿ ಖಾಸಗಿ ವಿಮೆ ನೋಡಿಕೊಳ್ಳಬೇಕಾಗುತ್ತೆ. ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಿಗೆ, ಕಡಿಮೆ ಅವಧಿಯ ವೀಸಾ ಆದರೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ತೋರಿಸಬೇಕು, ಅದರಲ್ಲಿ ರೋಗಿಯನ್ನು ಊರಿಗೆ ವಾಪಸ್ ಕಳಿಸುವ ಖರ್ಚೂ ಸೇರಿರಬೇಕು.

ಅಮೆರಿಕದ್ದು ಬೇರೆಯೇ ಕಥೆ. ಎಕ್ಸ್‌ಚೇಂಜ್ ಮೇಲೆ ಹೋಗುವ ಜೆ-1 ವೀಸಾದವರಿಗೆ ಸರ್ಕಾರವೇ ಅಳತೆ ಹಾಕಿಟ್ಟಿದೆ: ಒಂದೊಂದು ಕಾಯಿಲೆ ಅಥವಾ ಅಪಘಾತಕ್ಕೆ 1,00,000 ಡಾಲರ್, ರೋಗಿಯನ್ನು ಸಾಗಿಸೋಕೆ 50,000, ಸತ್ತರೆ ದೇಹ ಊರಿಗೆ ಕಳಿಸೋಕೆ 25,000, ನಿಮ್ಮ ಕೈಯಿಂದ ಹಾಕಬೇಕಾದ್ದು ಒಂದು ಸಲಕ್ಕೆ 500 ಡಾಲರ್ ಮೀರಬಾರದು. ಓದೋಕೆ ಹೋಗುವ ಎಫ್-1ನವರಿಗೆ ಸರ್ಕಾರದ ಇಂಥ ನಿಯಮ ಇಲ್ಲ, ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ಪ್ಲಾನ್ ತಗೊಳ್ಳಿ ಅಂತ ಹೇಳೋದೇ ಹೆಚ್ಚು. ಆ ಪ್ಲಾನ್ ನೋಡಿದರೆ ಎದೆ ಝಲ್ ಅನ್ನುತ್ತೆ, ಅಷ್ಟು ದುಬಾರಿ. ಇಲ್ಲಿಂದ ಕೊಂಡ ಪಾಲಿಸಿ ತೋರಿಸಿ ವಿನಾಯಿತಿ ಕೇಳೋ ಅವಕಾಶ ಕೆಲವು ಕಡೆ ಇದೆ. ಆದರೆ ಮೊದಲು ಇಲ್ಲಿ ಕೊಂಡು, ಅಲ್ಲಿಗೆ ಹೋಗಿ ಕೇಳಿದರೆ ಆಗಲ್ಲ ಅಂದರು ಅಂತ ಎರಡೂ ಕಡೆ ದುಡ್ಡು ಕಟ್ಟಿದವರನ್ನು ನೋಡಿದ್ದೀನಿ. ಅವರ ವಿನಾಯಿತಿ ಷರತ್ತು ಇಮೇಲ್‌ನಲ್ಲಿ ತರಿಸಿಕೊಂಡು, ಅದನ್ನು ಎದುರಿಗಿಟ್ಟುಕೊಂಡು ಪಾಲಿಸಿ ಆರಿಸಿ.

ಈ ಕಡ್ಡಾಯ ವ್ಯವಸ್ಥೆಗಳಲ್ಲಿ ಎರಡು ತೂತು ಇವೆ, ಯಾವ ಏಜೆಂಟನೂ ಹೇಳಲ್ಲ. ಒಂದು, ಇಳಿದ ದಿನಕ್ಕೂ ಅಲ್ಲಿನ ವಿಮೆ ಶುರುವಾಗುವ ದಿನಕ್ಕೂ ನಡುವಿನ ಬಿಡುವು. ಜರ್ಮನಿಯಲ್ಲಿ ಸೆಮಿಸ್ಟರ್ ಶುರುವಾಗೋಕೆ ಎರಡು ವಾರ ಮುಂಚೆ ಹೋದಿರಿ ಅಂದರೆ ಆ ಎರಡು ವಾರ ನಿಮ್ಮನ್ನು ಕೇಳೋರಿಲ್ಲ. ಎರಡನೆಯದು ಇನ್ನೂ ದೊಡ್ಡದು. ಅಲ್ಲಿನ ವಿಮೆ ಅಲ್ಲಿ ಚಿಕಿತ್ಸೆ ಕೊಡಿಸುತ್ತೆ, ಸಾಮಾನ್ಯವಾಗಿ ಊರಿಗೆ ಕರೆತರಲ್ಲ. ಬ್ರಿಟನ್ನಿನ ಸರ್‌ಚಾರ್ಜ್ ಕಟ್ಟಿದ ಮಾತ್ರಕ್ಕೆ ಸ್ಟ್ರೆಚರ್ ಮೇಲೆ ಹೈದರಾಬಾದ್‌ವರೆಗೆ ಯಾರೂ ತಂದು ಬಿಡಲ್ಲ. ಅದಕ್ಕೇ ನನ್ನ ಲೆಕ್ಕ ಇಷ್ಟು: ಅಲ್ಲಿಯದು ಏನಿದೆಯೋ ತಗೊಳ್ಳಿ, ಅದರ ಮೇಲೆ ಇಲ್ಲಿಂದ ಒಂದು ಚಿಕ್ಕ ಪಾಲಿಸಿ ಇರಲಿ, ಅದರಲ್ಲಿ ವಾಪಸ್ ಕರೆತರೋದು ಚೆನ್ನಾಗಿರಲಿ, ಉಳಿದದ್ದು ಸುಮಾರಿದ್ದರೂ ಪರವಾಗಿಲ್ಲ.

ಇಲ್ಲಿಂದ ಕೊಳ್ಳುವುದರಲ್ಲೂ ಮೂರು ಥರ. ಒಂದು ಪ್ರವಾಸಕ್ಕೆ ಒಂದು ಪಾಲಿಸಿ, ವರ್ಷಪೂರ್ತಿ ಎಷ್ಟು ಸಲ ಹೋದರೂ ನಡೆಯುವಂಥದ್ದು, ಮತ್ತೆ ವಿದ್ಯಾರ್ಥಿಗಳಿಗೇ ಇರೋದು. ವರ್ಷದ ಪಾಲಿಸಿ ಕೇಳೋಕೆ ಚೆಂದ, ಆದರೆ ಒಂದೊಂದು ಪ್ರವಾಸ 30, 45 ಅಥವಾ 60 ದಿನ ಮೀರಬಾರದು ಅಂತ ಕಟ್ಟು ಹಾಕಿರ್ತಾರೆ. ವರ್ಷಕ್ಕೆ ಮೂರ್ನಾಲ್ಕು ಸಲ ಹಾರಾಡುವ ಡೀನ್ ಸಾಹೇಬರಿಗೆ ಅದು ಲಾಭ, ಆರು ತಿಂಗಳು ಲ್ಯಾಬಿಗೆ ಹೋಗೋರಿಗೆ ದಂಡ. ವಿದ್ಯಾರ್ಥಿ ಪಾಲಿಸಿಯಲ್ಲಿ ಬೇರೆ ಕಡೆ ಇಲ್ಲದ ಒಂದೆರಡು ಸಂಗತಿ ಇರುತ್ತೆ: ಓದು ನಡುವೆ ನಿಂತರೆ ಫೀ ವಾಪಸ್, ಫೀ ಕಟ್ಟುವ ತಂದೆ ತಾಯಿಗೆ ಏನಾದರೂ ಆದರೆ ಮುಂದಿನ ಓದಿನ ಖರ್ಚು, ಮಗ ಆಸ್ಪತ್ರೆಯಲ್ಲಿ ಜಾಸ್ತಿ ದಿನ ಇದ್ದರೆ ಮನೆಯ ಒಬ್ಬರು ಹೋಗಿ ಬರೋ ಟಿಕೆಟ್. ನನ್ನ ಕೇಳಿದರೆ ಈ ಕೊನೆಯದಕ್ಕೇ ದುಡ್ಡು ಕೊಡಬೇಕು. ಯಾದಗಿರಿಯ ಒಬ್ಬ ರೈತ ಮಗನ ಹತ್ತಿರ ಹೋಗೋಕೆ ಟಿಕೆಟ್ ದುಡ್ಡು ಹೊಂದಿಸೋದು ಹುಡುಗಾಟವಾ?

ಮೊತ್ತ 50,000 ಡಾಲರಿನಿಂದ 5,00,000ದವರೆಗೆ ಸಿಗುತ್ತೆ. ಅಮೆರಿಕ, ಕೆನಡಾ ಸೇರಿಸಿದರೆ ಪ್ರೀಮಿಯಂ ಏರುತ್ತೆ, ಬಿಟ್ಟರೆ ಇಳಿಯುತ್ತೆ. ಅಮೆರಿಕಕ್ಕೆ 50,000ದ್ದು ತಗೊಂಡು ಹೋಗೋದು ಅಂದರೆ ಮಳೆಗಾಲಕ್ಕೆ ಹರಿದ ಕೊಡೆ ಹಿಡಿದಂಗೆ. ಮೊದಲ 100 ಡಾಲರ್ ನೀವೇ ಹಾಕಬೇಕು ಅನ್ನೋ ಷರತ್ತು ಬಹಳ ಪಾಲಿಸಿಗಳಲ್ಲಿ ಇದೆ, ಅದಕ್ಕೆ ಡಿಡಕ್ಟಿಬಲ್ ಅಂತಾರೆ. ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ. ಕ್ಯಾಶ್‌ಲೆಸ್ ಇದೆಯಾ, ಮೊದಲು ನೀವು ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕಾ, ಅದು ನೋಡಿ. ಕುಡಿದು ಬಿದ್ದರೆ ಕೊಡಲ್ಲ, ಯುದ್ಧ ಆದರೆ ಕೊಡಲ್ಲ, ಪಾಲಿಸಿ ಸಾಮಾನ್ಯವಾಗಿ ವಿಮಾನ ಹತ್ತೋ ಮೊದಲೇ ಕೊಂಡಿರಬೇಕು. ಬೀದರಿನ ಪಶುವೈದ್ಯ ಕಡೆಯ ಮಕ್ಕಳು ಇನ್ನೊಂದು ಕೇಳಬೇಕು: ದನ, ಕುದುರೆ, ನಾಯಿ ಮುಟ್ಟೋ ಕೆಲಸದಲ್ಲಿ ಗಾಯ ಆದರೆ ಕೊಡ್ತೀರಾ? ಉತ್ತರ ಬಾಯಲ್ಲಿ ಬೇಡ, ಇಮೇಲ್‌ನಲ್ಲಿ.

ಗ್ರೂಪ್ ಪಾಲಿಸಿ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ವಿಶ್ವವಿದ್ಯಾಲಯವೇ ಮಾಡಿಸಿದರೆ ಯಾರೂ ವಿಮೆ ಇಲ್ಲದೆ ಹೋಗಲ್ಲ, ಎಲ್ಲರ ವಿವರ ಒಂದೇ ಕಡೆ ಇರುತ್ತೆ, ಕಂಪನಿಯವರೂ ಬೆಲೆ ಕೊಟ್ಟು ಮಾತಾಡ್ತಾರೆ. ಒಳ್ಳೆಯದೇ. ಆದರೆ ಟೆಂಡರ್ ಕರೆದು ಎಲ್ಲರಿಗಿಂತ ಕಮ್ಮಿ ಕೊಟ್ಟವನಿಗೆ ಕೊಟ್ಟರೆ, ಕೈಗೆ ಬರೋದು ಅದೇ 11ನೇ ಪುಟದ ನಂಬರು. ಟೆಂಡರಿನಲ್ಲೇ ಬರೀರಿ, ಹೊರದೇಶದಿಂದ ಹತ್ತುವ 24 ತಾಸಿನ ನಂಬರು ಮೊದಲ ಪುಟದಲ್ಲಿರಬೇಕು ಅಂತ. ಫೈಲ್ ಸಹಿಗೆ ಹೋಗೋ ಮುಂಚೆ ಒಂದು ರಾತ್ರಿ ನೀವೇ ಆ ನಂಬರಿಗೆ ಫೋನ್ ಹಚ್ಚಿ ನೋಡಿ. ನಾನು ಹಾಗೆ ಮೂರು ಕಂಪನಿಗೆ ಮಾಡಿದ್ದೆ. ಒಬ್ಬರು ಎರಡು ನಿಮಿಷದಲ್ಲಿ ಎತ್ತಿದರು, ಒಬ್ಬರ ಕಡೆ ಅರ್ಧ ತಾಸು ಸಂಗೀತ ಕೇಳಿದೆ, ಮೂರನೆಯದು ಅಸ್ತಿತ್ವದಲ್ಲೇ ಇರಲಿಲ್ಲ.

ವಿಮೆ ಬೇರೆ, ಸಹಾಯ ಸಂಸ್ಥೆ ಬೇರೆ

ದೊಡ್ಡ ವಿಶ್ವವಿದ್ಯಾಲಯಗಳು ಇಂಟರ್‌ನ್ಯಾಷನಲ್ ಎಸ್‌ಒಎಸ್‌ನಂಥ ಸಹಾಯ ಸಂಸ್ಥೆಗಳ ಸದಸ್ಯತ್ವ ತಗೊಂಡಿರ್ತಾರೆ. ಅದು ವಿಮೆ ಅಲ್ಲ, ಇದನ್ನು ನಮ್ಮಲ್ಲಿ ತುಂಬಾ ಜನ ಗೊಂದಲ ಮಾಡ್ಕೋತಾರೆ. ಅವರು ಫೋನ್ ಎತ್ತುತ್ತಾರೆ, ಡಾಕ್ಟರ್ ಹತ್ತಿರ ಮಾತಾಡಿಸ್ತಾರೆ, ಯಾವ ಆಸ್ಪತ್ರೆ ಸರಿ ಅಂತ ಹೇಳ್ತಾರೆ, ಗಲಾಟೆ ಆದ ಊರಿನಿಂದ ಹೊರಗೆ ಕರಕೊಂಡು ಬರೋ ದಾರಿ ನೋಡ್ತಾರೆ. ಬಿಲ್ಲು ಮಾತ್ರ ವಿಮೆಯವರೋ ನೀವೋ ಕಟ್ಟಬೇಕು. ವಿಮೆ ಕಂಪನಿ ಹಿಂದೆಯೂ ಇಂಥದೊಂದು ಸಹಾಯ ಕಂಪನಿ ಇರುತ್ತೆ, ಆದರೆ ಅವರ ಗಮನ ಕ್ಲೇಮ್ ಮೇಲೆ. ವರ್ಷಕ್ಕೆ 15-20 ಜನ ಹೋಗುವ ನಮ್ಮಂಥವರಿಗೆ ಸದಸ್ಯತ್ವದ ಖರ್ಚು ಮೇಲಿನವರಿಗೆ ಒಪ್ಪಿಸೋದು ಕಷ್ಟ, ನಾನು ಎರಡು ಸಲ ಟಿಪ್ಪಣಿ ಇಟ್ಟು ಎರಡು ಸಲವೂ ಫೈಲು ವಾಪಸ್ ಬಂತು. ಆತಿಥೇಯ ವಿಶ್ವವಿದ್ಯಾಲಯ ಇಂಥ ಸದಸ್ಯತ್ವ ಇಟ್ಟುಕೊಂಡಿದ್ದರೆ ನಮ್ಮ ಮಕ್ಕಳನ್ನೂ ಅದರಲ್ಲಿ ಸೇರಿಸಿ ಅಂತ ಒಪ್ಪಂದದಲ್ಲೇ ಕೇಳಬಹುದು. ಕೇಳೋಕೆ ಕಾಸು ಬೀಳಲ್ಲ ಅಲ್ವಾ? ಪ್ರವಾಸದ ಅಪಾಯ ನಿಭಾಯಿಸೋ ಈ ಇಡೀ ವಿಷಯಕ್ಕೆ ಐಎಸ್‌ಒ 31030 ಅಂತ 2021ರಲ್ಲಿ ಬಂದ ಮಾರ್ಗಸೂಚಿ ಇದೆ, ನೋಟ್‌ಶೀಟ್‌ನಲ್ಲಿ ಅದರ ಹೆಸರು ಹಾಕಿದರೆ ಮೇಲಿನವರು ಕನ್ನಡಕ ಸರಿ ಮಾಡಿಕೊಂಡು ಓದ್ತಾರೆ.

ಗಲಾಟೆ ಆದಾಗ: ಹೊರಡೋದಾ, ಕಾಯೋದಾ

ಇಲ್ಲಿ ವಿಮೆ ಕೈ ಎತ್ತುತ್ತೆ, ಉಳಿಯೋದು ರಾಯಭಾರ ಕಚೇರಿ ಮತ್ತು ನಾವು. 2022ರ ಫೆಬ್ರವರಿ 15ರಂದು ಕೀವ್‌ನ ನಮ್ಮ ರಾಯಭಾರ ಕಚೇರಿ, ಇರಲೇಬೇಕು ಅಂತಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ಉಕ್ರೇನ್ ಬಿಡೋ ಯೋಚನೆ ಮಾಡಿ ಅಂತ ಸೂಚನೆ ಕೊಟ್ಟಿತ್ತು. 24ಕ್ಕೆ ಯುದ್ಧ ಶುರುವಾಗಿ ವಿಮಾನ ನಿಂತವು. ನಡುವೆ ಇದ್ದದ್ದು ಒಂಬತ್ತು ದಿನ. ಮಕ್ಕಳು ಯಾಕೆ ಹೊರಡಲಿಲ್ಲ ಅಂತ ಆಗ ಟಿವಿ ಮುಂದೆ ಕೂತು ಬೈದವರು ಬಹಳ. ಟಿಕೆಟ್ ಬೆಲೆ ಏರಿತ್ತು, ಆನ್‌ಲೈನ್ ಕ್ಲಾಸ್ ಮಾಡ್ತೀವಿ ಅಂತ ಎಷ್ಟೋ ಕಾಲೇಜು ಹೇಳಿರಲಿಲ್ಲ, ಹಾಜರಾತಿ ಹೋದರೆ ವರ್ಷವೇ ಹೋಯ್ತು ಅನ್ನೋ ಭಯ. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ತೀರಿಕೊಂಡ. ಅಷ್ಟೊತ್ತಿಗೆ ನಮ್ಮವರನ್ನು ಕರೆತರೋ ಸರ್ಕಾರದ ಆಪರೇಷನ್ ಗಂಗಾ ಶುರುವಾಗಿತ್ತು, ಆದರೆ ಆ ವಿಮಾನಗಳು ಇದ್ದದ್ದು ಪೋಲೆಂಡ್, ರೊಮೇನಿಯಾ, ಹಂಗೆರಿ ಕಡೆ. ಗಡಿ ದಾಟೋವರೆಗಿನ ದಾರಿ ಬಹುತೇಕ ಮಕ್ಕಳೇ ನೋಡಿಕೊಳ್ಳಬೇಕಾಯ್ತು.

ಅದಕ್ಕೆ ನಾನು ಈಗ ಪ್ರತಿ ಫೈಲಿಗೂ ಎರಡು ಸಾಲಿನ ಪತ್ರ ಸೇರಿಸ್ತೀನಿ. ರಾಯಭಾರ ಕಚೇರಿ ಹೊರಡಿ ಅಂದರೆ ಹೊರಡಬಹುದು, ಅದರಿಂದ ಹಾಜರಾತಿಗೂ ಸ್ಕಾಲರ್‌ಶಿಪ್ಪಿಗೂ ನಮ್ಮ ಕಡೆಯಿಂದ ಧಕ್ಕೆ ಇಲ್ಲ. ಟಿಕೆಟ್ ಬದಲಾಯಿಸಿದ ಖರ್ಚು ವಿಶ್ವವಿದ್ಯಾಲಯದ್ದು. ಇದನ್ನು ಕುಲಸಚಿವರ ಹತ್ತಿರ ಸಹಿ ಮಾಡಿಸೋಕೆ ಮೂರು ತಿಂಗಳು ಓಡಾಡಿದೆ. ಕೈಯಲ್ಲಿ ಕಾಗದ ಇದ್ದರೆ ಹುಡುಗ ಯೋಚನೆ ಮಾಡ್ತಾ ಕೂರಲ್ಲ.

ಹಾಗಂತ ಯಾವಾಗಲೂ ಓಡೋದೇ ಸರಿ ಅಂತಲ್ಲ. 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್ ಮೇಲೆ ನುಗ್ಗಿದಾಗ ನಮ್ಮ ರಾಯಭಾರ ಕಚೇರಿ ಹೇಳಿದ್ದು ಒಳಗೇ ಇರಿ ಅಂತ. ಆವತ್ತು ಬ್ಯಾಗ್ ಹಿಡಿದು ಬೀದಿಗೆ ಇಳಿಯೋದೇ ಅಪಾಯ. ಯಾವಾಗ ಏನು ಅನ್ನೋ ಸುದ್ದಿ ನಿಮಗೆ ಮುಟ್ಟಬೇಕು ಅಂದರೆ ಅಲ್ಲಿಗೆ ಹೋಗಿ ಒಂದು ವಾರದೊಳಗೆ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ 2015ರಿಂದ ಇದೆ, ವಿದ್ಯಾರ್ಥಿಗಳು ಅಲ್ಲೂ ನೋಂದಾಯಿಸಬಹುದು, ದೂರು ಹಾಕಿದರೆ ಅದು ಎಲ್ಲಿ ತನಕ ಬಂತು ಅಂತಲೂ ನೋಡಬಹುದು. ಪಾಸ್‌ಪೋರ್ಟ್ ಕಳೆದರೆ ಊರಿಗೆ ಬರೋಕೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡೋರೂ ರಾಯಭಾರ ಕಚೇರಿಯವರೇ.

ನಮ್ಮ ಕಡೆ ಫೋನ್: ವಾಟ್ಸ್‌ಆ್ಯಪ್ ಗುಂಪಾ, ಡ್ಯೂಟಿ ಫೋನಾ

ಮೊದಲು ನಮ್ಮದೂ ವಾಟ್ಸ್‌ಆ್ಯಪ್ ಗುಂಪೇ. ಬೆಳಗಾದರೆ ಗುಡ್ ಮಾರ್ನಿಂಗ್ ಹೂವು, ಶರಣಬಸವೇಶ್ವರ ಜಾತ್ರೆಯ ಫೋಟೋ, ಯಾರದೋ ಹುಟ್ಟುಹಬ್ಬ. ಆ ರಾಶಿಯಲ್ಲಿ "ಸರ್, ಪರ್ಸ್ ಕಳೆದಿದೆ" ಅನ್ನೋ ಮೆಸೇಜ್ ಯಾರ ಕಣ್ಣಿಗೆ ಬೀಳುತ್ತೆ? ಎಲ್ಲರೂ ನೋಡ್ತಾರೆ ಅಂದರೆ ಯಾರೂ ನೋಡಲ್ಲ. ಅದೂ ಅಲ್ಲದೆ ಚೀನಾದಲ್ಲಿ ವಾಟ್ಸ್‌ಆ್ಯಪ್ ನಡೆಯಲ್ಲ, ದುಬೈ ಕಡೆ ಮೆಸೇಜ್ ಹೋದರೂ ಅದರ ಕರೆ ನಡೆಯಲ್ಲ.

ಈಗ ಒಂದು ಡ್ಯೂಟಿ ಫೋನ್ ಇದೆ. ಸಾದಾ ಮೊಬೈಲ್ ನಂಬರು, ನಾಲ್ಕು ಜನ ವಾರಕ್ಕೊಬ್ಬರಂತೆ ಮನೆಗೆ ಒಯ್ಯೋದು, ರಾತ್ರಿ ತಲೆದಿಂಬಿನ ಹತ್ತಿರ ಚಾರ್ಜಿಗೆ. ಮೀಟಿಂಗಿನಲ್ಲಿ ಇದನ್ನ ಇಟ್ಟಾಗ ಮೊದಲ ಪ್ರಶ್ನೆ "ಅಲೌನ್ಸ್ ಯಾರ್ ಕೊಡ್ತಾರ್ರಿ?" ಕೊನೆಗೆ ವಾರಕ್ಕೆ ಒಂದು ಬದಲಿ ರಜೆ ಅಂತ ಆಯ್ತು. ಫೋನ್ ಜೊತೆ ಒಂದು ಕೆಂಪು ರಟ್ಟಿನ ರಿಜಿಸ್ಟರ್. ಯಾರು, ಯಾವ ಊರು, ಪಾಲಿಸಿ ನಂಬರು, ರಕ್ತದ ಗುಂಪು, ಮನೆಯವರ ನಂಬರು, ಅಲ್ಲಿನ ಒಬ್ಬ ಮೇಷ್ಟ್ರ ನಂಬರು, ಅಲ್ಲಿಗೂ ಇಲ್ಲಿಗೂ ಎಷ್ಟು ತಾಸು ಫರಕು. ಮೊಬೈಲಿನಲ್ಲೇ ಇಡಬಹುದಲ್ಲ ಅಂತ ಹುಡುಗರು ನಗ್ತಾರೆ. ನಿದ್ದೆಗಣ್ಣಲ್ಲಿ ಫೋನ್ ಕಿವಿಗೆ ಹಿಡಿದವನು ಅದೇ ಫೋನಿನಲ್ಲಿ ಫೈಲ್ ಹುಡುಕೋಕೆ ಆಗಲ್ಲ ಕಣ್ರಪ್ಪ.

ಹೋಗೋರ ಕೈಗೆ ಎಟಿಎಂ ಕಾರ್ಡಿನಷ್ಟು ಚೀಟಿ, ಲ್ಯಾಮಿನೇಟ್ ಮಾಡಿಸಿದ್ದು. ಒಂದು ಕಡೆ ಡ್ಯೂಟಿ ಫೋನ್, ವಿಮೆಯ ನಿಜವಾದ ನಂಬರು, ರಾಯಭಾರ ಕಚೇರಿ. ಇನ್ನೊಂದು ಕಡೆ ಆ ದೇಶದ ತುರ್ತು ನಂಬರು: ಯುರೋಪಿನಲ್ಲಿ 112, ಬ್ರಿಟನ್ನಿನಲ್ಲಿ 999, ಅಮೆರಿಕದಲ್ಲಿ 911, ಆಸ್ಟ್ರೇಲಿಯಾದಲ್ಲಿ 000. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸಿಗೆ 119.

ಮೇಷ್ಟ್ರುಗಳಿಗೆ ಎರಡು ಮಾತು

ಮಕ್ಕಳಿಗಿಂತ ನಿಮ್ಮದೇ ನನಗೆ ಚಿಂತೆ. ಬಿಪಿ, ಶುಗರ್ ಇದ್ದರೂ ಪ್ರೀಮಿಯಂ ಏರುತ್ತೆ ಅಂತ ಫಾರ್ಮಿನಲ್ಲಿ ಇಲ್ಲ ಅಂತ ಬರೀತೀರಿ. ಎದೆನೋವು ಬಂದು ಆಸ್ಪತ್ರೆಗೆ ಹೋದಾಗ ಹಳೇ ಮಾತ್ರೆ ಚೀಟಿ ಹೊರಗೆ ಬರುತ್ತೆ, ಕ್ಲೇಮ್ ಅಲ್ಲಿಗೆ ಮುಗೀತು. ಸ್ವಲ್ಪ ಜಾಸ್ತಿ ಕಟ್ಟಿ, ಹಳೇ ಕಾಯಿಲೆಗೂ ಕವರ್ ಇರೋದನ್ನೇ ಆರಿಸಿ. ಹೊರದೇಶದವರೇ ಟಿಕೆಟ್, ಊಟ, ವಸತಿ ಕೊಡ್ತಾರೆ ಅಂದರೆ ಸರ್ಕಾರಿ ನೌಕರರು, ಸರ್ಕಾರದ ಹಿಡಿತದ ಸಂಸ್ಥೆಯವರು ಗೃಹ ಸಚಿವಾಲಯದಿಂದ ಆ ಆತಿಥ್ಯಕ್ಕೆ ಅನುಮತಿ ಕೇಳುವ ಎಫ್‌ಸಿ-2 ಅರ್ಜಿಯನ್ನು ಕನಿಷ್ಠ ಎರಡು ವಾರ ಮುಂಚೆ ಹಾಕಬೇಕು. ಹಿಂದಿನ ದಿನ ನನ್ನ ಟೇಬಲ್ ಮುಂದೆ ನಿಂತು "ಏನಾರ ಮಾಡ್ರಿ" ಅಂದರೆ ನಾನೇನು ಮಾಡಲಿ?

ಆಫ್ರಿಕಾದ, ದಕ್ಷಿಣ ಅಮೆರಿಕದ ಬಹಳ ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಹಾಕಿಸಿಕೊಂಡ ಹತ್ತು ದಿನದ ನಂತರವೇ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತೆ, 2016ರಿಂದ ಅದು ಜೀವನಪೂರ್ತಿ ನಡೆಯುತ್ತೆ. ಇಲ್ಲದೆ ಆ ಕಡೆಯಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಕ್ವಾರಂಟೈನ್ ಆಗಬಹುದು.

ಇನ್ನು ಚಿಲ್ಲರೆ ವಿಷಯ. ಫೋರೆಕ್ಸ್ ಕಾರ್ಡಾ (ವಿದೇಶಿ ಹಣ ತುಂಬಿಸಿಕೊಂಡು ಹೋಗೋ ಕಾರ್ಡು), ನಗದಾ? ಎರಡೂ, ಬೇರೆ ಬೇರೆ ಚೀಲದಲ್ಲಿ. ಸಿಮ್? ಮೊದಲ ಮೂರು ದಿನಕ್ಕೆ ಇಲ್ಲಿಂದಲೇ ರೋಮಿಂಗ್ ಹಾಕಿಸಿ, ಆಮೇಲೆ ಅಲ್ಲಿಯದು. ಮನೆ? ಮೊದಲ ತಿಂಗಳು ಕ್ಯಾಂಪಸ್ ಹಾಸ್ಟೆಲ್, ದುಬಾರಿ ಆದರೂ ಸರಿ. ಫೋಟೋ ನೋಡಿ ಅಡ್ವಾನ್ಸ್ ಕಳಿಸಬೇಡಿ.

ಅವ್ವ ಕಟ್ಟಿಕೊಟ್ಟ ಗಂಟು ಮಾತ್ರ ಒಮ್ಮೆ ಬಿಚ್ಚಿ ನೋಡಿ. ಗಸಗಸೆ ನಮ್ಮಲ್ಲಿ ಪಾಯಸಕ್ಕೆ ಹಾಕೋ ಸಾಮಾನು, ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಸಾಲಿಗೆ ಸೇರಿದ್ದು, ಜೈಲೇ. ಶೇಂಗಾ ಹಿಂಡಿ, ಕಟಕ ರೊಟ್ಟಿ ಆಸ್ಟ್ರೇಲಿಯಾಕ್ಕೆ ಒಯ್ಯೋದಾದರೆ ಇಳಿದ ಕೂಡಲೇ ಕಾರ್ಡಿನಲ್ಲಿ ಇದೆ ಅಂತ ಬರೀರಿ, ಮುಚ್ಚಿಟ್ಟರೆ ದಂಡ. ನೆಗಡಿ, ಕೆಮ್ಮಿನ ಮಾತ್ರೆಯೂ ಹಾಗೇ. ಜಪಾನಿನಲ್ಲಿ ಸೂಡೋಎಫೆಡ್ರಿನ್, ಕೋಡೀನ್ ಇರುವ ಔಷಧಿಗೆ ಬಿಗಿ ನಿಯಮ ಇದೆ. ಡಾಕ್ಟರ್ ಚೀಟಿ ಇಲ್ಲದೆ ಒಂದು ಮಾತ್ರೆಯೂ ಬೇಡ.

ಕಲಬುರಗಿಗೆ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಬಂತು, ಆದರೆ ಹೊರದೇಶಕ್ಕೆ ನಾವು ಈಗಲೂ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ಹೈದರಾಬಾದ್ ಸುಮಾರು 220 ಕಿ.ಮೀ., ಬೆಂಗಳೂರು ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಟಿಕೆಟ್ ಸ್ವಲ್ಪ ದುಬಾರಿ ಇದ್ದರೂ ನನ್ನ ಓಟು ಹೈದರಾಬಾದಿಗೇ, ಅದೂ ಹಿಂದಿನ ದಿನವೇ ಹೋಗಿ ಉಳಿಯೋದಾದರೆ. ಬಸ್ಸು ಕೆಟ್ಟು ವಿಮಾನ ತಪ್ಪಿತು ಅಂದರೆ ವಿಮೆಯವರು ದುಡ್ಡು ಕೊಡ್ತಾರೆ ಅಂತ ನಂಬಿ ಕೂರಬೇಡಿ.

ಹೋದ ತಿಂಗಳು ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ಫ್ರಾನ್ಸಿಗೆ ಹೋದಳು. ಮನೆಯವರಿಗೂ ಡ್ಯೂಟಿ ಫೋನ್ ನಂಬರ್ ಕೊಡು ಅಂದಿದ್ದೆ. ಅವರವ್ವ ಅದನ್ನ ಅಡುಗೆ ಮನೆ ಗ್ವಾಡಿ ಮೇಲೆ, ಹಾಲಿನ ಲೆಕ್ಕದ ಪಕ್ಕ, ಗೇಣುದ್ದ ಅಕ್ಷರದಲ್ಲಿ ಬರೆಸಿದ್ದಾರೆ ಅಂತ ಹುಡುಗಿ ಫೋಟೋ ಕಳಿಸಿದಳು. ಅವತ್ತೇ ರಾತ್ರಿ ಫೋನ್ ಬಡಕೊಂಡಿತು. ನನ್ನ ಪಾಳಿ. ಹೌಹಾರಿ ಎದ್ದು ನೋಡಿದರೆ ಎರಡೂ ಮುಕ್ಕಾಲು. ಹುಡುಗಿ ಇನ್ನೂ ಊರಲ್ಲೇ ಇದ್ದಳು, ವಿಮಾನ ಇದ್ದದ್ದು ನಾಲ್ಕು ದಿನ ಆದಮೇಲೆ.

"ಏನಿಲ್ರೀ ಸರ," ಅಂದರು ಅವರವ್ವ. "ಎತ್ತತೀರೋ ಇಲ್ಲೋ ನೋಡ್ಲಕ ಹಚ್ಚೀನ್ರಿ. ಮಲಕೋರಿ."